ಮನೆಯಲ್ಲಿ ಕಟ್ಟಿದ ಗಣಕದ ಪೆಟ್ಟಿಗೆ

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಬಡಗಿಯ ಕಣ್ಣಿನಿಂದ ನೋಡಿದರೆ ಅದು ಅಷ್ಟೇನೂ ನಯವಾದ ಕೆಲಸವಲ್ಲ. ಹಲಗೆಯ ಮೇಲೆ ತಯಾರಕರ ಹೆಸರನ್ನು ಕೈಯಿಂದ ಕೊರೆದಿದೆ. ಅದರೊಳಗಿರುವುದು ೧೯೭೬ರಲ್ಲಿ ಸ್ಟೀವ್ ವಾಜ್ನಿಯಾಕ್ ಎಂಬ ತರುಣನು ರಚಿಸಿದ ‘ಆ್ಯಪಲ್-೧’ ಎಂಬ ಗಣಕ. ಆತನೂ ಆತನ ಗೆಳೆಯನಾದ ಸ್ಟೀವ್ ಜಾಬ್ಸನೂ ಸೇರಿ ಇಂತಹ ಸುಮಾರು ೨೦೦ ಗಣಕಗಳನ್ನು ಮಾಡಿದರು. ಒಂದರ ಬೆಲೆ ೬೬೬ ಡಾಲರು ೬೬ ಸೆಂಟು. ಆ ಹಣಕ್ಕೆ ಕೊಂಡವನಿಗೆ ದೊರೆಯುತ್ತಿದ್ದುದು ಬಿಡಿಭಾಗಗಳನ್ನು ಬೆಸೆದು ಸಿದ್ಧಪಡಿಸಿದ ಒಂದು ಹಲಗೆ ಮಾತ್ರ. ಕೀಲಿಮಣೆಯಿಲ್ಲ, ವಿದ್ಯುತ್ತನ್ನು ಒದಗಿಸುವ ಸಾಧನವಿಲ್ಲ, ಪೆಟ್ಟಿಗೆಯಂತೂ ಇಲ್ಲವೇ ಇಲ್ಲ. ಅವೆಲ್ಲವನ್ನೂ ಕೊಂಡವನೇ ಹೊಂದಿಸಿಕೊಳ್ಳಬೇಕು. ಮೊದಲ ೫೦ ಗಣಕಗಳನ್ನು ಕೇಳಿ ತರಿಸಿಕೊಂಡ, ಮೌಂಟನ್ ವ್ಯೂ ಊರಿನ ‘ಬೈಟ್ ಶಾಪ್’ ಎಂಬ ಅಂಗಡಿಯವರು ಹವಾಯಿ ದ್ವೀಪಗಳ ಕೋವಾ ಮರದಿಂದ ಕೆಲವಕ್ಕೆ ಪೆಟ್ಟಿಗೆ ಮಾಡಿಸಿದರು. ಉಳಿದವರು ತಮಗೆ ತೋಚಿದಂತೆ ಮಾಡಿಕೊಂಡರು. ಹೀಗೆ ಮನೆಬಳಕೆಯ ಗಣಕದ ಇತಿಹಾಸವು ಮನೆಯಲ್ಲಿ ಮಾಡಿದ ಪೆಟ್ಟಿಗೆಯಿಂದಲೇ ಮೊದಲಾಗುತ್ತದೆ ಎಂದರೆ ಬಹಳ ತಪ್ಪಾಗಲಾರದು.

ಇಪ್ಪತ್ತು ವರ್ಷಗಳ ತರುವಾಯ, ೧೯೯೬ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು ತಮ್ಮ ಸಂಶೋಧನೆಗಾಗಿ ತಲಾ ೪ ಗಿಗಾಬೈಟಿನ ಹತ್ತು ಡಿಸ್ಕುಗಳನ್ನು ಒಟ್ಟಿಗೆ ಇರಿಸಬೇಕಾಯಿತು. ಅವರು ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಅದಕ್ಕೊಂದು ಗೂಡನ್ನು ಕಟ್ಟಿದರು. ಆ ಸಂಶೋಧನೆಯೇ ಮುಂದೆ ‘ಗೂಗಲ್’ ಆಯಿತು. ಬಣ್ಣಬಣ್ಣದ ಆ ಗೂಡನ್ನು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ.

ಇವನ್ನೆಲ್ಲ ಓದಿದ ತರುಣರಿಗೆ, ‘ಪೆಟ್ಟಿಗೆ ಎಂಬುದು ಹೊರಗಿನ ಉಡುಪು, ಯಾವುದರಿಂದ ಮಾಡಿದರೇನು?’ ಎಂದು ತೋರುವುದು ಸಹಜ. ಬಳ್ಳಾರಿಯಲ್ಲಿರುವ ನನ್ನ ಅಣ್ಣನ ಮಗನಿಗೂ ಹಾಗೆಯೇ ತೋರಿತು. ಅವನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಡಿಸೆಂಬರಿನ ರಜೆಯಲ್ಲಿ ತನ್ನ ಗಣಕದ ತಗಡಿನ ಪೆಟ್ಟಿಗೆಯನ್ನು—ಅಂಗಡಿಯವರು ಇದನ್ನು ‘ಕ್ಯಾಬಿನೆಟ್’ ಎನ್ನುವರು—ಮೂಲೆಗೆ ಸರಿಸಿ, ೧೨ ಮಿಲಿಮೀಟರು ದಪ್ಪದ ಪ್ಲೈವುಡ್ಡಿನಲ್ಲಿ ಹೊಸದೊಂದನ್ನು ಕಟ್ಟಿದನು. ಹೊರಮೈಗೆ ತೇಗದ ತೆಳುಪದರವನ್ನು ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ, ಅರಗಿನ ಪಾಲಿಷು ಕೊಟ್ಟನು. ಮುಂಭಾಗದಲ್ಲಿ ರಂಗೋಲಿಯ ಚುಕ್ಕಿಗಳಂತೆ ಅರುವತ್ತು ತೂತುಗಳನ್ನು ಕೊರೆದಿದ್ದನು. ಚಿತ್ರವನ್ನು ಕಳುಹಿಸಿದಾಗ ನನಗೂ ಹೆಮ್ಮೆಯೆನಿಸಿತು. ಏಪ್ರಿಲ್ ತಿಂಗಳಲ್ಲಿ ಅವನಿಂದ ದೂರವಾಣಿ ಬಂದಿತು. “ಚಿಕ್ಕಪ್ಪ, ದಿನಾ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಸೇತುವೆಯ ಭಾರದ ಲೆಕ್ಕ ಅರ್ಧಕ್ಕೆ ನಿಂತುಬಿಡುತ್ತದೆ. ವರದಿಯನ್ನು ಒಪ್ಪಿಸಲು ಇನ್ನು ಒಂಬತ್ತೇ ದಿನ.” ರಾತ್ರಿಯ ರೈಲಿನಲ್ಲಿ ನಾನು ಬಳ್ಳಾರಿಗೆ ಹೊರಟೆನು. ಅಲ್ಲಿ ನಾವಿಬ್ಬರೂ ಕಂಡುಕೊಂಡ ಸಂಗತಿಗಳೇ ಈ ಲೇಖನದ ವಿಷಯ.

ಮೊದಲು ಒಂದು ಮಾತನ್ನು ಮನಗಾಣಬೇಕು. ನೀರೆತ್ತುವ ಪಂಪಿಗೆ ಕೊಟ್ಟ ವಿದ್ಯುತ್ತಿನಲ್ಲಿ ಒಂದು ಪಾಲು ನೀರನ್ನು ಮೇಲಕ್ಕೆ ಒಯ್ಯುವುದರಲ್ಲಿ ವಿನಿಯೋಗವಾಗುತ್ತದೆ. ಗಣಕವು ಏನನ್ನೂ ಎತ್ತುವುದಿಲ್ಲ, ಏನನ್ನೂ ತಳ್ಳುವುದಿಲ್ಲ. ಅದು ಎಷ್ಟೇ ಜಟಿಲವಾದ ಲೆಕ್ಕವನ್ನು ಮಾಡಲಿ, ಅದಕ್ಕೆ ಕೊಟ್ಟ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಪೂರ್ತಿಯಾಗಿಯೇ ಶಾಖವಾಗಿ ಹೊರಬೀಳುತ್ತದೆ. ಕೆಲಸದ ಭರದಲ್ಲಿ ೨೦೦ ವ್ಯಾಟುಗಳನ್ನು ಎಳೆದುಕೊಳ್ಳುವ ಗಣಕವೆಂದರೆ, ೧೦೦ ವ್ಯಾಟಿನ ಎರಡು ಹಳೆಯ ಮಾದರಿಯ ಬಲ್ಬುಗಳನ್ನು ಹೊತ್ತಿಸಿ ಒಂದು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಂತೆ. ಆ ಪೆಟ್ಟಿಗೆಯೊಳಕ್ಕೆ ಗಂಟೆಗಟ್ಟಲೆ ಕೈಯಿಟ್ಟುಕೊಂಡಿರಲು ಯಾರು ಒಪ್ಪುವರು?

ಇಲ್ಲಿ ನಮ್ಮ ಹುಡುಗನು ಒಂದು ಊಹೆಯನ್ನು ಮುಂದಿಟ್ಟನು: “ಮರವು ಉಷ್ಣವಾಹಕವಲ್ಲ, ಉಕ್ಕು ವಾಹಕ. ಮರದಿಂದ ಮಾಡಿದ್ದೇ ತಪ್ಪಾಯಿತು.” ಕೇಳಿದೊಡನೆ ಸರಿಯೆನ್ನಿಸುವ ಮಾತು. ಉಕ್ಕು ಮರಕ್ಕಿಂತ ಸುಮಾರು ಮುನ್ನೂರು ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ ಎಂಬುದೂ ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಮುನ್ನೂರು ಪಟ್ಟು ಎಲ್ಲಿಯೋ ಮಾಯವಾಗಿಬಿಡುತ್ತದೆ! ಏಕೆಂದರೆ ಒಳಗಿನ ಶಾಖವು ಗೋಡೆಯನ್ನು ದಾಟುವ ಮೊದಲು, ಗೋಡೆಯ ಒಳಮೈಗೆ ಅಂಟಿಕೊಂಡಂತೆ ನಿಂತಿರುವ ಗಾಳಿಯ ಪದರವನ್ನು ದಾಟಬೇಕು. ದಾಟಿದ ಮೇಲೆ ಹೊರಮೈಯ ಇನ್ನೊಂದು ಪದರವನ್ನು ದಾಟಬೇಕು. ಗಾಳಿ ಬಲು ದೊಡ್ಡ ಅವಾಹಕ. ಈ ಎರಡು ಪದರಗಳ ಪ್ರತಿರೋಧದ ಮುಂದೆ ೧೨ ಮಿಲಿಮೀಟರು ಮರದ ಪ್ರತಿರೋಧವು ಮೂರನೆಯ ಒಂದು ಪಾಲಿನಷ್ಟು ಮಾತ್ರ. ನಮ್ಮ ಪೆಟ್ಟಿಗೆಯು ಉದ್ದ ೪೫, ಎತ್ತರ ೪೫, ಅಗಲ ೨೦ ಸೆಂಟಿಮೀಟರು. ಗಾಳಿಗೆ ಒಡ್ಡಿಕೊಂಡ ಮೈ ಸುಮಾರು ೦.೭ ಚದರ ಮೀಟರು. ಒಳಗೂ ಹೊರಗೂ ೧೫ ಡಿಗ್ರಿ ವ್ಯತ್ಯಾಸವಿದ್ದರೆ, ಉಕ್ಕಿನ ಗೋಡೆಗಳ ಮೂಲಕ ಸುಮಾರು ೪೫ ವ್ಯಾಟೂ ಮರದ ಗೋಡೆಗಳ ಮೂಲಕ ಸುಮಾರು ೩೫ ವ್ಯಾಟೂ ಹೊರಗೆ ಹೋಗುತ್ತವೆ. ಅಂದರೆ ೨೦೦ರಲ್ಲಿ ಹತ್ತು ವ್ಯಾಟಿನ ಅಂತರ! ಮರವು ನಿರಪರಾಧಿ. ಪೆಟ್ಟಿಗೆಯು ಯಾವುದರಿಂದಲೇ ಆಗಿರಲಿ, ಶಾಖದ ಹೆಚ್ಚಿನ ಪಾಲು ಹೊರಗೆ ಹೋಗಬೇಕಾದುದು ಗೋಡೆಯ ಮೂಲಕವಲ್ಲ, ಗಾಳಿಯ ಹೆಗಲೇರಿ.

ಹಾಗಾದರೆ ಎಷ್ಟು ಗಾಳಿ ಬೇಕು? ಇದು ಪ್ರೌಢಶಾಲೆಯ ಲೆಕ್ಕ. ಒಂದು ಘನ ಮೀಟರು ಗಾಳಿಯ ತೂಕ ಸುಮಾರು ೧.೧೫ ಕಿಲೋಗ್ರಾಮು, ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ೧,೧೫೦ ಜೂಲು ಶಾಖ ಬೇಕು. ೨೦೦ ವ್ಯಾಟಿನ ಗಣಕವು ನಿಮಿಷಕ್ಕೆ ೧೨,೦೦೦ ಜೂಲುಗಳನ್ನು ಹೊರಸೂಸುತ್ತದೆ. ಪೆಟ್ಟಿಗೆಯೊಳಗಿನ ಗಾಳಿಯು ಕೋಣೆಯ ಗಾಳಿಗಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಿಟ್ಟುಕೊಂಡರೆ, ನಿಮಿಷಕ್ಕೆ ಸುಮಾರು ಒಂದು ಘನ ಮೀಟರು ಗಾಳಿ ಒಳಬಂದು ಹೊರಹೋಗಬೇಕು. ನಮ್ಮ ಪೆಟ್ಟಿಗೆ ಹಿಡಿಯುವುದು ಕೇವಲ ೪೦ ಲೀಟರು. ಆದುದರಿಂದ ಅದರೊಳಗಿನ ಗಾಳಿಯೆಲ್ಲವೂ ನಿಮಿಷಕ್ಕೆ ಇಪ್ಪತ್ತೈದು ಸಲ ಬದಲಾಗಬೇಕು. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಾಗ ಹುಡುಗನು ತನ್ನ ಅರುವತ್ತು ಚುಕ್ಕಿಗಳ ಕಡೆಗೆ ಒಮ್ಮೆ ನೋಡಿದನು. ಹೇಳಬೇಕಾದುದೇನೂ ಉಳಿದಿರಲಿಲ್ಲ. ಆದರೂ ಲೆಕ್ಕವನ್ನು ಪೂರೈಸಿದೆವು. ೬ ಮಿಲಿಮೀಟರಿನ ಒಂದು ತೂತಿನ ವಿಸ್ತೀರ್ಣ ೦.೨೮ ಚದರ ಸೆಂಟಿಮೀಟರು, ಅರುವತ್ತಕ್ಕೆ ೧೭. ಹಿಂಬದಿಯಲ್ಲಿ ಅವನು ಕೂಡಿಸಿದ್ದ ೧೨ ಸೆಂಟಿಮೀಟರಿನ ಫ್ಯಾನಿನ ಬಾಯಿಯಾದರೋ, ನಡುವಿನ ಗುಬುಟನ್ನು ಕಳೆದರೂ, ಸುಮಾರು ೧೦೦ ಚದರ ಸೆಂಟಿಮೀಟರು. ನೂರರಷ್ಟು ಅಗಲದ ಬಾಯಿಂದ ಊದುವವನಿಗೆ ಹದಿನೇಳರಷ್ಟು ಅಗಲದ ಮೂಗಿನಿಂದ ಉಸಿರೆಳೆದುಕೋ ಎಂದಂತಾಗಿತ್ತು.

ಲೆಕ್ಕವು ಹೇಳಿದ್ದು ಇಷ್ಟು. ಲೆಕ್ಕ ಹೇಳದಿದ್ದ ಇನ್ನೊಂದು ಸಂಗತಿಯನ್ನು ಒಂದು ಊದುಬತ್ತಿ ಹೇಳಿತು. ಗಾಳಿಯನ್ನು ಕಣ್ಣಿನಿಂದ ಕಾಣಲಾರೆವಷ್ಟೆ? ದೇವರ ಮನೆಯಿಂದ ಒಂದು ಊದುಬತ್ತಿಯನ್ನು ತಂದು ಹೊತ್ತಿಸಿ, ಫ್ಯಾನನ್ನು ಆರಿಸುವ ಬಟನ್ನು ಇರುವ ಕೋಣೆಯಲ್ಲಿ ಅದನ್ನು ಆರಿಸಿ, ಕಿಟಕಿ ಮುಚ್ಚಿ, ಪೆಟ್ಟಿಗೆಯ ಸುತ್ತ ಮೆಲ್ಲನೆ ಆಡಿಸಿದೆವು. ಮುಂದಿನ ಚುಕ್ಕಿಗಳ ಬಳಿ ಹೊಗೆಯ ಎಳೆ ಅಲುಗಿತೇ ಹೊರತು ಒಳಕ್ಕೆ ಹೋಗಲಿಲ್ಲ. ಹಿಂಬದಿಯಲ್ಲಿ ಕಂಡುದು ವಿಚಿತ್ರ: ಫ್ಯಾನಿನಿಂದ ಹೊರಬಿದ್ದ ಬಿಸಿಗಾಳಿ ಹಿಂದಿನ ಗೋಡೆಗೆ ಬಡಿದು ಹಿಂತಿರುಗಿ, ಫ್ಯಾನಿನ ಪಕ್ಕದಲ್ಲಿ ತಂತಿಗಳಿಗಾಗಿ ಬಿಟ್ಟಿದ್ದ ಸೀಳಿನ ಮೂಲಕ ಮತ್ತೆ ಪೆಟ್ಟಿಗೆಯೊಳಕ್ಕೆ ಹೋಗುತ್ತಿತ್ತು. ಹೊಗೆಯು ಒಂದು ಉಂಗುರದಂತೆ ಅಲ್ಲಲ್ಲೇ ಸುತ್ತುತ್ತಿತ್ತು. ಫ್ಯಾನು ದಿನವೆಲ್ಲ ದುಡಿಯುತ್ತಿದ್ದರೂ ಅದೇ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತಿತ್ತು. ನೀರು ಇಳಿಜಾರನ್ನು ಹುಡುಕುವಂತೆ ಗಾಳಿಯು ಅತ್ಯಂತ ಸುಲಭವಾದ ದಾರಿಯನ್ನು ಹುಡುಕುತ್ತದೆ. ಪಕ್ಕದಲ್ಲೇ ಸೀಳಿರುವಾಗ ಅದು ಅಷ್ಟು ದೂರದ ಚುಕ್ಕಿಗಳ ಮೂಲಕ ಏಕೆ ಬಂದೀತು? ಪೆಟ್ಟಿಗೆ ಕಟ್ಟುವವರು ಪಾಲಿಷಿಗೆ ಮೊದಲೇ ಈ ಊದುಬತ್ತಿಯ ಪರೀಕ್ಷೆಯನ್ನು ಮಾಡುವುದು ಒಳ್ಳೆಯದು. ಕಿಡಿಯೂ ಬೂದಿಯೂ ಒಳಗೆ ಬೀಳದಂತೆ ಒಂದು ಗೇಣು ದೂರದಲ್ಲಿಯೇ ಹಿಡಿದಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ಮೇಲುಗಡೆ ಒಂದು ತೂತಿಟ್ಟರೆ ಸಾಕು’ ಎನ್ನುವವರೂ ಇದ್ದಾರೆ. ಮೇಲೇರುವುದು ದಿಟ, ಆದರೆ ಎಷ್ಟು ಬಲದಿಂದ? ೪೫ ಸೆಂಟಿಮೀಟರು ಎತ್ತರದ ಪೆಟ್ಟಿಗೆಯಲ್ಲಿ, ಹತ್ತು ಡಿಗ್ರಿ ಹೆಚ್ಚು ಬಿಸಿಯಾದ ಗಾಳಿಯ ಮೇಲ್ಮುಖದ ಒತ್ತಡವು ಒಂದು ಪಾಸ್ಕಲಿನ ಆರನೆಯ ಒಂದು ಪಾಲಿನಷ್ಟು. ಸಾಮಾನ್ಯವಾದ ಸಣ್ಣ ಫ್ಯಾನೊಂದು ಹುಟ್ಟಿಸಬಲ್ಲ ಒತ್ತಡವು ಹತ್ತು ಹದಿನೈದು ಪಾಸ್ಕಲುಗಳವರೆಗೆ ಇರುತ್ತದೆ. ಫ್ಯಾನಿಲ್ಲದ ಪುಟ್ಟ ಗಣಕಕ್ಕೆ ಈ ಹೊಗೆಗೂಡಿನ ತತ್ತ್ವವೇ ಆಧಾರ. ಫ್ಯಾನಿರುವ ಕಡೆ ಅದರ ಮಾತು ನಡೆಯುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಡಿಸೆಂಬರಿನಲ್ಲಿ ಚೆನ್ನಾಗಿದ್ದ ಯಂತ್ರವು ಏಪ್ರಿಲಿನಲ್ಲಿ ಕೈಕೊಟ್ಟುದೇಕೆ? ಪೆಟ್ಟಿಗೆಯು ಒಳಗಿನ ಉಷ್ಣತೆಯನ್ನು ನಿರ್ಧರಿಸುವುದಿಲ್ಲ. ಕೋಣೆಯ ಉಷ್ಣತೆಯ ಮೇಲೆ ಎಷ್ಟು ಏರಿಕೆಯಾಗಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ. ಅಂಗಡಿಯಿಂದ ತಂದ ಉಷ್ಣಮಾಪಕವನ್ನು ಒಳಗಿಳಿಸಿ ನೋಡಿದಾಗ ಪೆಟ್ಟಿಗೆಯ ಗಾಳಿಯು ಕೋಣೆಗಿಂತ ೨೨ ಡಿಗ್ರಿ ಹೆಚ್ಚಾಗಿತ್ತು. ಆ ಗಾಳಿಗಿಂತ ಪ್ರೊಸೆಸರು—ಗಣಕದ ಲೆಕ್ಕಗಳನ್ನೆಲ್ಲ ಮಾಡುವ ಚಿಪ್ಪು—ಇನ್ನೂ ೪೫ ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಡಿಸೆಂಬರಿನ ಸಂಜೆ ಕೋಣೆಯಲ್ಲಿ ೨೨ ಡಿಗ್ರಿ ಇದ್ದಿರಬಹುದು: ೨೨, ೨೨, ೪೫, ಒಟ್ಟು ೮೯. ಏಪ್ರಿಲಿನ ಮಧ್ಯಾಹ್ನ, ಕಾದ ತಾರಸಿಯ ಕೆಳಗೆ, ಕೋಣೆಯೇ ೩೮ ಡಿಗ್ರಿ: ಒಟ್ಟು ೧೦೫. ಇಂದಿನ ಬಹುಪಾಲು ಪ್ರೊಸೆಸರುಗಳು ನೂರು ಡಿಗ್ರಿಯ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದೂ ಸಾಲದೇ ಹೋದರೆ, ಸುಟ್ಟುಹೋಗುವುದನ್ನು ತಪ್ಪಿಸಿಕೊಳ್ಳಲು ಯಂತ್ರವನ್ನೇ ಆರಿಸಿಬಿಡುತ್ತವೆ. ಮೂರು ಗಂಟೆಯ ಒಗಟು ಇಲ್ಲಿಗೆ ಬಿಡಿಸಿತು. ಚಳಿಗಾಲದಲ್ಲಿ ಪರೀಕ್ಷೆ ಮಾಡಿ ತೃಪ್ತಿಪಟ್ಟುಕೊಂಡ ಪೆಟ್ಟಿಗೆಯನ್ನು ಬೇಸಿಗೆಯ ಲೆಕ್ಕಕ್ಕೆ ಒಡ್ಡದೆ ನಂಬಬಾರದು. ಬಳ್ಳಾರಿ, ರಾಯಚೂರು, ಕಲಬುರಗಿಯವರಂತೂ ಕೋಣೆಯ ಉಷ್ಣತೆಯನ್ನು ೪೦ ಎಂದೇ ಹಿಡಿದು ಲೆಕ್ಕಕ್ಕೆ ತೊಡಗಬೇಕು.

ಮಾಡಿದ ದುರಸ್ತಿ ದೊಡ್ಡದೇನೂ ಅಲ್ಲ. ಫ್ಯಾನಿನ ಪಕ್ಕದ ಸೀಳನ್ನು ತಂತಿಗಳಷ್ಟೇ ಹಿಡಿಯುವಂತೆ ರಬ್ಬರಿನಿಂದ ಮುಚ್ಚಿದೆವು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು. ಮುಂಭಾಗದ ಕೆಳಗಡೆ ೧೨ ಸೆಂಟಿಮೀಟರಿನ ದುಂಡು ಕಿಂಡಿಯನ್ನು ಕೊರೆದು, ಗಾಳಿಯನ್ನು ಒಳಕ್ಕೆ ಎಳೆಯುವ ಎರಡನೆಯ ಫ್ಯಾನನ್ನು ಕೂಡಿಸಿ, ಅದರ ಮುಂದೆ ಕಿಟಕಿಗೆ ಹಾಕುವ ನೈಲಾನಿನ ಸೊಳ್ಳೆಪರದೆಯ ತುಂಡೊಂದನ್ನು ಬಿಗಿದೆವು. ಚುಕ್ಕಿಗಳು ಇದ್ದಲ್ಲಿಯೇ ಉಳಿದವು. ಅವು ಈಗ ಅಲಂಕಾರ ಮಾತ್ರ. ಮರುದಿನ ಮೂರು ಗಂಟೆಗೆ ಪೆಟ್ಟಿಗೆಯ ಏರಿಕೆ ೨೨ರಿಂದ ೯ಕ್ಕೆ ಇಳಿದಿತ್ತು. ಪ್ರೊಸೆಸರು ೯೨ ಡಿಗ್ರಿಯಲ್ಲಿ ನಿಂತಿತು. ಸೇತುವೆಯ ಲೆಕ್ಕವು ಸಂಜೆಯವರೆಗೂ ಎಡೆಬಿಡದೆ ನಡೆಯಿತು.

ಆ ದಿನವೇ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಯಂತ್ರದ ಹಿಂಬದಿಯ ಲೋಹದ ಕಿಂಡಿಗೆ ತಂತಿಯೊಂದನ್ನು ಸಿಕ್ಕಿಸಲು ಹೋದಾಗ ಬೆರಳು ಜುಮ್ಮೆಂದಿತು. ಹುಡುಗನನ್ನು ಕೇಳಿದರೆ, “ಅದು ಯಾವಾಗಲೂ ಹಾಗೆಯೇ” ಎಂದನು! ನಮ್ಮ ನಾಡಿನ ಅನೇಕ ಮನೆಗಳಲ್ಲಿ ಈ ಜುಮ್ಮೆನ್ನುವಿಕೆಯನ್ನು ಯಂತ್ರದ ಸ್ವಭಾವವೆಂದೇ ಭಾವಿಸಿದ್ದಾರೆ. ಅದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವೆನು. ಬೇರೆಲ್ಲವನ್ನೂ ಮರೆತರೂ ಇದನ್ನು ಮರೆಯಬಾರದು.

ಗೋಡೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಗಣಕಕ್ಕೆ ಬೇಕಾದ ೧೨, ೫ ಮೊದಲಾದ ಸಣ್ಣ ವೋಲ್ಟುಗಳಿಗೆ ಇಳಿಸುವ ತಗಡಿನ ಡಬ್ಬಿಗೆ ನಮ್ಮ ಅಂಗಡಿಗಳಲ್ಲಿ ಎಸ್.ಎಂ.ಪಿ.ಎಸ್. ಎನ್ನುವರು. ಅದರ ಬಾಗಿಲಲ್ಲೇ, ರೇಡಿಯೋ ಗದ್ದಲವನ್ನು ಸೋಸುವುದಕ್ಕಾಗಿ, ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ: ಒಂದು ಫೇಸ್ ತಂತಿಯಿಂದ ಡಬ್ಬಿಯ ಮೈಗೆ, ಇನ್ನೊಂದು ನ್ಯೂಟ್ರಲ್ ತಂತಿಯಿಂದ ಡಬ್ಬಿಯ ಮೈಗೆ. ಮೂರನೆಯ ತಂತಿ, ಎಂದರೆ ಭೂಸಂಪರ್ಕ, ಸರಿಯಾಗಿದ್ದರೆ ಇವುಗಳ ಮೂಲಕ ಹರಿಯುವ ಅತ್ಯಲ್ಪ ಪ್ರವಾಹವು ಸದ್ದಿಲ್ಲದೆ ಭೂಮಿಗೆ ಇಳಿದುಹೋಗುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಡಬ್ಬಿಯ ಮೈಯು ಎರಡು ಸಮನಾದ ಕೆಪಾಸಿಟರುಗಳ ನಡುವೆ ತೂಗಾಡುತ್ತ, ೨೩೦ರ ಅರ್ಧವಾದ ೧೧೫ ವೋಲ್ಟಿನ ಸುಮಾರಿಗೆ ನಿಲ್ಲುತ್ತದೆ. ಡಬ್ಬಿಗೆ ಜೋಡಿಸಿದ ಎಲ್ಲ ಲೋಹದ ಭಾಗಗಳಿಗೂ ಅದೇ ಗತಿ. ಮುಟ್ಟಿದಾಗ ಹರಿಯುವುದು ಒಂದು ಮಿಲಿ ಆಂಪಿಯರಿಗಿಂತ ಕಡಿಮೆ, ಅಷ್ಟರಿಂದ ಪ್ರಾಣಾಪಾಯವಿಲ್ಲ. ಆದರೆ ಅದು ಕೊಡುವ ಎಚ್ಚರಿಕೆ ಭಯಂಕರವಾದುದು: ‘ಇಲ್ಲಿ ಭೂಸಂಪರ್ಕವಿಲ್ಲ, ನಾಳೆ ಫೇಸ್ ತಂತಿಯ ಹೊದಿಕೆ ಕಿತ್ತು ಲೋಹವನ್ನು ಮುಟ್ಟಿದರೆ ಫ್ಯೂಸು ಹಾರುವುದಿಲ್ಲ, ಮುಟ್ಟಿದ ಮನುಷ್ಯನ ಮೂಲಕವೇ ಪ್ರವಾಹ ಹರಿಯುತ್ತದೆ.’ ಅಣ್ಣನ ಮನೆಯಲ್ಲಿ ಮೂರು ಕಾಲಿನ ಪ್ಲಗ್ಗಿತ್ತು, ಸಾಕೆಟ್ಟಿನಲ್ಲಿ ಮೂರು ತೂತುಗಳೂ ಇದ್ದವು. ಗೋಡೆಯೊಳಗೆ ಮೂರನೆಯ ತಂತಿಯನ್ನು ಮಾತ್ರ ಯಾರೂ ಎಳೆದಿರಲಿಲ್ಲ. ಎಲೆಕ್ಟ್ರಿಷಿಯನ್ನನನ್ನು ಕರೆಸಿ ಸರಿಪಡಿಸಿದ ಮೇಲೆ ಜುಮ್ಮೆನ್ನುವುದು ನಿಂತಿತು.

ಅಂಗಡಿಯ ಉಕ್ಕಿನ ಪೆಟ್ಟಿಗೆಯು ಎಸ್.ಎಂ.ಪಿ.ಎಸ್.ನ ನಾಲ್ಕು ತಿರುಪುಗಳ ಮೂಲಕ ತಾನಾಗಿಯೇ ಭೂಸಂಪರ್ಕವನ್ನು ಪಡೆದಿರುತ್ತದೆ. ಮರದ ಪೆಟ್ಟಿಗೆಗೆ ಆ ಸೌಕರ್ಯವಿಲ್ಲ. ಅದಕ್ಕೆ ನೀವು ಹಿತ್ತಾಳೆಯ ಹಿಡಿಯನ್ನೋ, ಲೋಹದ ಜಾಲರಿಯನ್ನೋ ಕೂಡಿಸಿದರೆ, ಪ್ರತಿಯೊಂದರಿಂದಲೂ ಎಸ್.ಎಂ.ಪಿ.ಎಸ್.ನ ಮೈಗೆ ಒಂದು ತಂತಿಯನ್ನು ಎಳೆದು ಬಿಗಿಯಬೇಕು. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಬಿಚ್ಚಿ ‘ಚಂದವಾದ’ ಬೇರೆ ಡಬ್ಬಿಗೆ ಹಾಕುವ ಸಾಹಸವನ್ನಂತೂ ಎಂದಿಗೂ ಮಾಡಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ೩೦೦ ವೋಲ್ಟಿಗೂ ಮೀರಿದ ವಿದ್ಯುತ್ತು ಸಂಗ್ರಹವಾಗಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಕೆಲಕಾಲ ಅದು ಹಾಗೆಯೇ ಉಳಿಯಬಹುದು.

ಲೋಹದ ಪೆಟ್ಟಿಗೆಯು ಮಾಡುವ ಮತ್ತೊಂದು ಕೆಲಸ ಕಣ್ಣಿಗೆ ಕಾಣದು, ಕಿವಿಗೆ ಕೇಳುತ್ತದೆ. ೧೯೭೫ರಲ್ಲಿ ‘ಆಲ್ಟೇರ್ ೮೮೦೦’ ಎಂಬ ಗಣಕವು ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕೆ ಪರದೆಯೂ ಇರಲಿಲ್ಲ, ಧ್ವನಿಯೂ ಇರಲಿಲ್ಲ. ಸ್ಟೀವ್ ಡಾಂಪಿಯರ್ ಎಂಬ ಹವ್ಯಾಸಿಯು ಅದರ ಬಳಿ ಒಂದು ರೇಡಿಯೋವನ್ನು ಇಟ್ಟಾಗ, ಗಣಕವು ಬೇರೆ ಬೇರೆ ಲೆಕ್ಕಗಳನ್ನು ಮಾಡುವಾಗ ರೇಡಿಯೋದಲ್ಲಿ ಬೇರೆ ಬೇರೆ ಸ್ವರದ ಗದ್ದಲ ಕೇಳಿಬಂದಿತು. ಒಳಗಿನ ವಿದ್ಯುತ್ ಮಿಡಿತಗಳು ರೇಡಿಯೋ ತರಂಗಗಳಾಗಿ ಸೋರುತ್ತಿದ್ದವು. ಆತನು ಲೆಕ್ಕಗಳನ್ನು ತಾಳಕ್ಕೆ ತಕ್ಕಂತೆ ಜೋಡಿಸಿ, ಗೆಳೆಯರ ಸಭೆಯೊಂದರಲ್ಲಿ ಬೀಟಲ್ಸ್ ತಂಡದ ಹಾಡೊಂದನ್ನು ಆ ರೇಡಿಯೋದಲ್ಲಿ ನುಡಿಸಿ ತೋರಿಸಿದನು! ಸಭಿಕರಿಗೆ ಇದು ಸಂಗೀತ. ನೆರೆಮನೆಯವರಿಗೆ ಮಾತ್ರ ಕಿರಿಕಿರಿ. ಮನೆಮನೆಗೂ ಗಣಕಗಳು ಬರತೊಡಗಿದ ಮೇಲೆ, ೧೯೭೯ರಲ್ಲಿ, ಅಮೆರಿಕದ ಸಂಪರ್ಕ ಆಯೋಗವು ಈ ಸೋರಿಕೆಗೆ ಮಿತಿಯನ್ನು ವಿಧಿಸಿತು. ಅಂದಿನಿಂದ ಪೆಟ್ಟಿಗೆಗಳ ಒಳಗೆ ಲೋಹದ ಕವಚವು ಸಾಮಾನ್ಯವಾಯಿತು.

ಲೋಹದಲ್ಲಿ ಗಾಳಿಗಾಗಿ ತೂತಿಟ್ಟರೆ ತರಂಗಗಳೂ ಅದರಿಂದಲೇ ಹೊರಗೆ ಹೋಗವೇ? ತೂತು ತರಂಗದ ಉದ್ದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಹೋಗುವುದು ಅತ್ಯಲ್ಪ. ಸೆಕೆಂಡಿಗೆ ನೂರು ಕೋಟಿ ಮಿಡಿತಗಳ ತರಂಗದ ಉದ್ದ ೩೦ ಸೆಂಟಿಮೀಟರು. ೬ ಮಿಲಿಮೀಟರಿನ ತೂತು ಅದಕ್ಕೆ ಮುಚ್ಚಿದ ಬಾಗಿಲೇ ಸರಿ. ಇದಕ್ಕೆ ಬದಲಾಗಿ ಒಂದೇ ಒಂದು ಉದ್ದನೆಯ ಸೀಳಿದ್ದರೆ, ಅದು ಎಷ್ಟೇ ಕಿರಿದಾಗಿರಲಿ, ಏರಿಯಲ್ಲಿನಂತೆ ತರಂಗಗಳನ್ನು ಹೊರಗೆಡಹುತ್ತದೆ. ಗಾಳಿಗೆ ಬೇಕಾದುದು ಒಟ್ಟು ವಿಸ್ತೀರ್ಣ. ತರಂಗಕ್ಕೆ ಬೇಕಾದುದು ಉದ್ದ. ಅಂಗಡಿಯ ಪೆಟ್ಟಿಗೆಯ ಹಿಂಬದಿಯಲ್ಲಿ ಜೇನುಗೂಡಿನಂತೆ ಒತ್ತೊತ್ತಾಗಿ ಷಟ್ಕೋನದ ಸಣ್ಣ ತೂತುಗಳನ್ನು ಕೊರೆದಿರುವುದನ್ನು ನೀವು ಕಂಡಿರಬಹುದು. ಗಾಳಿಯನ್ನು ಧಾರಾಳವಾಗಿ ಬಿಟ್ಟು ತರಂಗವನ್ನು ತಡೆಯುವ ಉಪಾಯ ಅದು. ಹುಡುಗನ ಅರುವತ್ತು ಚುಕ್ಕಿಗಳಲ್ಲಿ ದೋಷವಿದ್ದುದು ಅವುಗಳ ಗಾತ್ರದಲ್ಲಲ್ಲ. ಮುನ್ನೂರೈವತ್ತರ ಕಡೆ ಅರುವತ್ತೇ ಇದ್ದವು, ಅಷ್ಟೆ.

ಮರವು ರೇಡಿಯೋ ತರಂಗಗಳಿಗೆ ಪಾರದರ್ಶಕ. ಆ ಮನೆಯಲ್ಲಿ ನಮ್ಮ ತಾಯಿಯವರು ಬೆಳಗ್ಗೆ ಕೇಳುವ ಮಧ್ಯಮ ತರಂಗದ ರೇಡಿಯೋ, ಗಣಕವನ್ನು ಹಚ್ಚಿದೊಡನೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡುತ್ತಿತ್ತು. ಪೆಟ್ಟಿಗೆಯ ಒಳಮೈಗೆ ಅಲ್ಯೂಮಿನಿಯಮಿನ ಸಣ್ಣಕಣ್ಣಿನ ಜಾಲರಿಯನ್ನು ಹೊಡೆದು, ಭೂಸಂಪರ್ಕ ಕೊಟ್ಟ ಮೇಲೆ ಸದ್ದು ಬಹಳಮಟ್ಟಿಗೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಏಕೆಂದರೆ ಗದ್ದಲದ ಒಂದು ಪಾಲು ಗೋಡೆಯ ತಂತಿಯ ಮೂಲಕವೂ ಹರಿಯುತ್ತದೆ. ಅಡುಗೆಮನೆಯ ತೆಳುವಾದ ಫಾಯಿಲನ್ನು ಇದಕ್ಕಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದರ ಚೂರೊಂದು ಕಳಚಿ ಬಿದ್ದರೆ ಇಡೀ ಯಂತ್ರಕ್ಕೆ ಶಾರ್ಟ್ ಸರ್ಕ್ಯೂಟು ಆದೀತು.

ಇನ್ನು ಕಟ್ಟುವ ಕ್ರಮ. ಅಳತೆಯ ವಿಷಯದಲ್ಲಿ ಅಂದಾಜಿಗೆ ಎಡೆಯಿಲ್ಲ. ಪುಣ್ಯಕ್ಕೆ ಅಳತೆಗಳು ಎಲ್ಲರಿಗೂ ಒಂದೇ. ಇಂಟೆಲ್ ಕಂಪನಿಯು ೧೯೯೫ರಲ್ಲಿ ಗೊತ್ತುಪಡಿಸಿದ ‘ಎಟಿಎಕ್ಸ್’ ಮಾದರಿಯ ಮದರ್‌ಬೋರ್ಡು ೩೦.೫ ಸೆಂಟಿಮೀಟರು ಉದ್ದ, ೨೪.೪ ಸೆಂಟಿಮೀಟರು ಅಗಲ. ವಿಯಾ ಕಂಪನಿಯು ೨೦೦೧ರಲ್ಲಿ ತಂದ ‘ಮಿನಿ ಐಟಿಎಕ್ಸ್’ ೧೭ ಸೆಂಟಿಮೀಟರಿನ ಚೌಕ. ವಾಡಿಕೆಯ ಎಸ್.ಎಂ.ಪಿ.ಎಸ್. ೧೫ ಸೆಂಟಿಮೀಟರು ಅಗಲ, ೮.೬ ಎತ್ತರ, ೧೪ ಉದ್ದ. ೧೨ ಸೆಂಟಿಮೀಟರಿನ ಫ್ಯಾನಿನ ತಿರುಪಿನ ತೂತುಗಳ ನಡುವಣ ದೂರ ೧೦.೫. ಮದರ್‌ಬೋರ್ಡನ್ನು ಹಲಗೆಗೆ ತಾಗಿಸಿ ಕೂಡಿಸಬಾರದು. ಅದರ ಬೆನ್ನಿನ ಬೆಸುಗೆಗಳು ಯಾವುದನ್ನೂ ಮುಟ್ಟದಂತೆ ಸುಮಾರು ಆರೂವರೆ ಮಿಲಿಮೀಟರು ಎತ್ತರದ ಹಿತ್ತಾಳೆಯ ಕಾಲುಗಳ ಮೇಲೆ ಅದು ನಿಲ್ಲಬೇಕು. ಈ ಕಾಲುಗಳ ಜಾಗವನ್ನು ಮರದಲ್ಲಿ ಕರಾರುವಾಕ್ಕಾಗಿ ಗುರುತಿಸುವುದು ಕಷ್ಟದ ಕೆಲಸ. ಅದಕ್ಕಿಂತ ಸುಲಭವಾದ ದಾರಿಯೆಂದರೆ, ಗುಜರಿ ಅಂಗಡಿಯಲ್ಲಿ ಬಿದ್ದಿರುವ ಹಳೆಯ ಕ್ಯಾಬಿನೆಟ್ಟೊಂದನ್ನು ಕೊಂಡು, ಮದರ್‌ಬೋರ್ಡು ಕೂರುವ ತಗಡನ್ನೂ ಹಿಂಬದಿಯ ಚೌಕಟ್ಟನ್ನೂ ಕತ್ತರಿಸಿ ತೆಗೆದು, ಅದರ ಸುತ್ತ ಮರದ ಪೆಟ್ಟಿಗೆಯನ್ನು ಕಟ್ಟುವುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಲ್ಲಿ ಒಂದು ದಿನ ಅಲೆದರೆ ತಿರುಪು, ಕಾಲು, ಜಾಲರಿ ಎಲ್ಲವೂ ದೊರೆಯುತ್ತವೆ.

ಮರಕ್ಕೆ ಗರಗಸ ಹಾಕುವ ಮುನ್ನ ಇಡೀ ಪೆಟ್ಟಿಗೆಯನ್ನು ರಟ್ಟಿನಲ್ಲಿ ಒಮ್ಮೆ ಮಾಡಿ ನೋಡಬೇಕು. ತಂತಿಗಳು ತಿರುಗುವುದಕ್ಕೆ ಎಡೆ ಇದೆಯೇ, ತಿರುಪುಳಿಯನ್ನು ಹಿಡಿದ ಕೈ ಒಳಗೆ ಹೋಗುತ್ತದೆಯೇ ಎಂಬುದು ಕಾಗದದ ನಕ್ಷೆಯಲ್ಲಿ ತಿಳಿಯುವುದಿಲ್ಲ. ಇಡೀ ಮರದ ಹಲಗೆ ಅಂದವಾದುದೇ. ಆದರೆ ಮರವು ತೇವವನ್ನು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡವಾಗಿ ಬಹಳ ಹೆಚ್ಚು. ಒಂದು ಪಕ್ಕದಲ್ಲಿ ಬಿಸಿಗಾಳಿ, ಇನ್ನೊಂದು ಪಕ್ಕದಲ್ಲಿ ಮಳೆಗಾಲದ ತೇವ ಇರುವ ಹಲಗೆ ಸೊಟ್ಟಗಾಗುವುದರಲ್ಲಿ ಸಂದೇಹವಿಲ್ಲ. ಪ್ಲೈವುಡ್ಡಿನಲ್ಲಿ ಪದರದಿಂದ ಪದರಕ್ಕೆ ಎಳೆಗಳು ಅಡ್ಡಡ್ಡವಾಗಿರುವುದರಿಂದ ಒಂದರ ಚಲನೆಯನ್ನು ಇನ್ನೊಂದು ತಡೆಯುತ್ತದೆ.

ಪ್ಲೈವುಡ್ಡೇ ಆಗಬೇಕೆಂದಿಲ್ಲ. ಅಟ್ಟದ ಮೇಲಿನ ಹಳೆಯ ತಗಡಿನ ಟ್ರಂಕು ಒಳ್ಳೆಯ ಪೆಟ್ಟಿಗೆಯಾಗಬಲ್ಲದು. ಬಣ್ಣವನ್ನು ಕೆರೆದು ಭೂಸಂಪರ್ಕ ಕೊಟ್ಟರೆ ರೇಡಿಯೋ ಗದ್ದಲದ ಚಿಂತೆಯೂ ಇಲ್ಲ. ಗಾಜಿನಂತೆ ಹೊಳೆಯುವ ಆಕ್ರಿಲಿಕ್ ಹಾಳೆಯನ್ನು ತರುಣರು ಮೆಚ್ಚುವರು. ಒಳಗೆ ಬಣ್ಣದ ದೀಪಗಳನ್ನು ಹಚ್ಚಿ ಮದುವೆಯ ಚಪ್ಪರದಂತೆ ಮಾಡುವುದು ನನ್ನ ರುಚಿಗೆ ಒಗ್ಗದಿದ್ದರೂ, ಆ ದೀಪಗಳು ಹೆಚ್ಚು ವಿದ್ಯುತ್ತನ್ನೇನೂ ತಿನ್ನುವುದಿಲ್ಲ ಎಂಬುದನ್ನು ಒಪ್ಪಬೇಕು. ಆಕ್ರಿಲಿಕ್ಕನ್ನು ಒಣಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ತು ಹುಟ್ಟುತ್ತದೆ, ಆದ್ದರಿಂದ ಒದ್ದೆ ಬಟ್ಟೆಯನ್ನೇ ಬಳಸಬೇಕು. ಇದುವರೆಗೆ ನಾನು ಕಂಡ ಮನೆಗೆಲಸದ ಪೆಟ್ಟಿಗೆಗಳಲ್ಲಿ ಅತ್ಯಂತ ಸೊಗಸಾದುದು ಮಿತ್ರರೊಬ್ಬರ ಮನೆಯಲ್ಲಿದೆ: ಹಳೆಯ ವಾಲ್ವ್ ರೇಡಿಯೋವೊಂದರ ಮರದ ಕವಚದೊಳಗೆ ಮಿನಿ ಐಟಿಎಕ್ಸ್ ಗಣಕ. ಅವರು ಗಾಳಿಗಾಗಿ ಹೊಸದಾಗಿ ಏನನ್ನೂ ಕೊರೆಯಬೇಕಾಗಿರಲಿಲ್ಲ. ವಾಲ್ವುಗಳು ಬಲ್ಬುಗಳಂತೆಯೇ ಕಾಯುತ್ತಿದ್ದುದರಿಂದ ಆ ಕಾಲದ ರೇಡಿಯೋಗಳ ಬೆನ್ನಿಗೆ ತುಂಬ ತೂತುಗಳಿರುವ ರಟ್ಟನ್ನು ಹಾಕುತ್ತಿದ್ದರು.

ಬಳ್ಳಾರಿಯ ಪೆಟ್ಟಿಗೆ ಆಮೇಲೆ ಎರಡು ಬೇಸಿಗೆಗಳನ್ನು ಕಂಡಿದೆ. ವರದಿಯನ್ನು ಹುಡುಗನು ಗಡುವಿಗೆ ಒಂದು ದಿನ ಮೊದಲೇ ಒಪ್ಪಿಸಿದನು. ಮುಂಭಾಗದ ಸೊಳ್ಳೆಪರದೆಗೆ ವಾರಕ್ಕೊಮ್ಮೆ ಕೆಂಪುಧೂಳು ದಪ್ಪನಾಗಿ ಹಿಡಿಯುತ್ತದೆ. ಭಾನುವಾರದ ಬೆಳಗ್ಗೆ ಹಳೆಯ ಬಣ್ಣದ ಕುಂಚದಿಂದ ಅದನ್ನು ಕೊಡವುವ ಕೆಲಸ ಅವನ ತಂಗಿಯದು. ಅವಳು ಈಗ ತನ್ನದೇ ಒಂದು ಪುಟ್ಟ ಗಣಕಕ್ಕೆ ಪೆಟ್ಟಿಗೆಯನ್ನು ಮಾಡಲು ರಟ್ಟನ್ನು ಕತ್ತರಿಸುತ್ತಿದ್ದಾಳೆ. ಊದುಬತ್ತಿಯ ಕಟ್ಟು ಮೇಜಿನ ಮೇಲೆಯೇ ಇದೆ.